ಉಳಿದ ಅಡುಗೆ ಇಲ್ಲದಿದ್ದರೂ ವಿಷಾಹಾರದ ಮೂಲ ಪತ್ತೆಯಾಗುವ ಬಗೆ

ಪ್ರಶ್ನೆ: ಬಂಧುಗಳ ಗೃಹಪ್ರವೇಶದಲ್ಲಿ ಊಟ ಮಾಡಿದವರಲ್ಲಿ ಹಲವರಿಗೆ ಮರುದಿನ ವಾಂತಿಭೇದಿ ಶುರುವಾಯಿತು. ಆರೋಗ್ಯ ಇಲಾಖೆಯವರು ಬರುವಷ್ಟರಲ್ಲಿ ಪಾತ್ರೆಗಳನ್ನೆಲ್ಲ ತೊಳೆದಾಗಿತ್ತು. ಆದರೂ ಅವರು ಏನೂ ಆಗದ ನನ್ನನ್ನು ಸಹ ಕೂರಿಸಿಕೊಂಡು, ಏನೇನು ತಿಂದಿರಿ ಎಂದು ಕೇಳಿ ಬರೆದುಕೊಂಡರು. ಆಹಾರದ ಮಾದರಿಯೇ ಇಲ್ಲದಿರುವಾಗ ಇದರಿಂದ ತಿಳಿಯುವುದಾದರೂ ಏನು?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಬಹಳಷ್ಟು ತಿಳಿಯುತ್ತದೆ. ಕಾಯಿಲೆ ಬೀಳದ ನಿಮ್ಮಂಥವರ ಉತ್ತರ ಇಲ್ಲದಿದ್ದರೆ ತನಿಖೆ ದಾರಿ ತಪ್ಪುವ ಸಂಭವವೇ ಹೆಚ್ಚು. ಕಾಯಿಲೆ ಬಿದ್ದವರನ್ನು ಮಾತ್ರ ವಿಚಾರಿಸಿದರೆ ಅವರೆಲ್ಲರೂ ಅನ್ನ ಸಾರು ಉಂಡಿರುತ್ತಾರೆ. ಆದರೆ ಏನೂ ಆಗದವರು ಉಂಡಿದ್ದೂ ಅದನ್ನೇ. ಹಾಗಾಗಿ ಪಂಕ್ತಿಯಲ್ಲಿ ಬಡಿಸಿದ ಒಂದೊಂದು ಪದಾರ್ಥಕ್ಕೂ, ಅದನ್ನು ತಿಂದವರಲ್ಲಿ ನೂರಕ್ಕೆ ಎಷ್ಟು ಮಂದಿಗೆ ಕಾಯಿಲೆಯಾಯಿತು, ತಿನ್ನದವರಲ್ಲಿ ಎಷ್ಟು ಮಂದಿಗೆ ಆಯಿತು ಎಂದು ಲೆಕ್ಕ ಹಾಕಿ, ಎರಡರ ನಡುವಿನ ಅಂತರ ಎಲ್ಲಿ ಎದ್ದು ಕಾಣುತ್ತದೆಯೋ ಆ ಪದಾರ್ಥದ ಬೆನ್ನು ಹತ್ತುತ್ತಾರೆ. ಲಕ್ಷಣಗಳು ಕಾಣಿಸಿಕೊಂಡ ಹೊತ್ತೂ ಮುಖ್ಯ. ಊಟವಾದ ಒಂದರಿಂದ ಆರು ಗಂಟೆಯೊಳಗೆ ವಾಂತಿಯಾದರೆ ಸ್ಟೆಫೈಲೊಕಾಕಸ್ ಬ್ಯಾಕ್ಟೀರಿಯಾ ಆಹಾರದಲ್ಲಿ ಮೊದಲೇ ಬಿಟ್ಟಿದ್ದ ವಿಷದ ಮೇಲೆ ಅನುಮಾನ ಬರುತ್ತದೆ. ಸಾಲ್ಮೊನೆಲ್ಲಾ ಆದರೆ ಸಾಮಾನ್ಯವಾಗಿ ಅರ್ಧ ದಿನದಿಂದ ಮೂರು ದಿನ ಹಿಡಿಯುತ್ತದೆ.

ಈ ಲೆಕ್ಕದ ಬಲವನ್ನೂ ಅದರ ಮಿತಿಯನ್ನೂ ಒಟ್ಟಿಗೆ ತೋರಿಸಿದ ಘಟನೆ 2011ರಲ್ಲಿ ಜರ್ಮನಿಯಲ್ಲಿ ನಡೆಯಿತು. ಆ ವರ್ಷದ ಮೇ ತಿಂಗಳಲ್ಲಿ ಹ್ಯಾಂಬರ್ಗ್ ಸುತ್ತಮುತ್ತ ರಕ್ತಭೇದಿಯಿಂದ ಆರಂಭವಾಗಿ ಮೂತ್ರಪಿಂಡಗಳನ್ನೇ ಕೆಡಿಸುವ ಕಾಯಿಲೆ ಹಬ್ಬತೊಡಗಿತು. ಕಾರಣವಾಗಿದ್ದು ಇ. ಕೊಲೈ ಬ್ಯಾಕ್ಟೀರಿಯಾದ ಓ104:ಎಚ್4 ಎಂಬ ತಳಿ. ಇಂಥ ಕಾಯಿಲೆ ಸಾಮಾನ್ಯವಾಗಿ ಚಿಕ್ಕ ಮಕ್ಕಳನ್ನು ಬಾಧಿಸುವುದಾದರೂ ಅಲ್ಲಿ ಆಸ್ಪತ್ರೆ ಸೇರಿದವರಲ್ಲಿ ಹೆಚ್ಚಿನವರು ವಯಸ್ಕರು, ಅದರಲ್ಲೂ ಮಹಿಳೆಯರು. ಜರ್ಮನಿಯ ರಾಷ್ಟ್ರೀಯ ಸಾರ್ವಜನಿಕ ಆರೋಗ್ಯ ಸಂಸ್ಥೆಯಾದ ರಾಬರ್ಟ್ ಕೋಖ್ ಸಂಸ್ಥೆಯ ತನಿಖಾಧಿಕಾರಿಗಳು ರೋಗಿಗಳನ್ನು ವಿಚಾರಿಸಿದಾಗ ಹಸಿ ಟೊಮೆಟೊ, ಸೌತೆಕಾಯಿ, ಲೆಟ್ಯೂಸ್ ಸೊಪ್ಪಿನ ಹೆಸರುಗಳು ಮೇಲೆ ಬಂದವು. ಅಷ್ಟರಲ್ಲಿ ಹ್ಯಾಂಬರ್ಗ್‌ನ ಅಧಿಕಾರಿಗಳು ಸ್ಪೇನ್‌ನ ಸೌತೆಕಾಯಿಯಲ್ಲಿ ಇ. ಕೊಲೈ ಸಿಕ್ಕಿತೆಂದು ಪ್ರಕಟಿಸಿಬಿಟ್ಟರು. ಕೆಲವೇ ದಿನಗಳಲ್ಲಿ ಅದು ಬೇರೆಯೇ ತಳಿ ಎಂದು ಗೊತ್ತಾಯಿತಾದರೂ, ತಪ್ಪೇ ಮಾಡದ ಸ್ಪೇನ್‌ನ ರೈತರ ಬೆಳೆಯನ್ನು ಕೇಳುವವರು ಆ ವೇಳೆಗೆ ಇರಲಿಲ್ಲ. ಅವಸರದ ಒಂದು ಹೇಳಿಕೆ ಬೆಳೆಗಾರರಿಗೆ ತಂದ ಈ ನಷ್ಟವನ್ನು ತನಿಖೆ ನಡೆಸುವ ಪ್ರತಿಯೊಬ್ಬರೂ ನೆನಪಿನಲ್ಲಿಡಬೇಕೆಂದು ನನಗೆ ಬಲವಾಗಿ ಅನ್ನಿಸುತ್ತದೆ.

ನಿಜವಾದ ಮೂಲ ಮೊಳಕೆ ಕಾಳು. ಅದು ಮೊದಲ ವಿಚಾರಣೆಗಳಲ್ಲಿ ಏಕೆ ತಪ್ಪಿಸಿಕೊಂಡಿತು? ಸಲಾಡ್ ತಿಂದದ್ದು ಜನರಿಗೆ ನೆನಪಿತ್ತು, ಅದರ ಮೇಲೆ ಉದುರಿಸಿದ್ದ ನಾಲ್ಕು ಮೊಳಕೆಗಳು ನೆನಪಿರಲಿಲ್ಲ. ಒಂದು ಅಧ್ಯಯನದಲ್ಲಿ ಮೊಳಕೆ ತಿಂದೆವೆಂದು ಹೇಳಿದ ರೋಗಿಗಳು ಕೇವಲ ಶೇ. 25ರಷ್ಟು. ಆಗ ತನಿಖಾ ತಂಡ ಒಳ್ಳೆಯ ಉಪಾಯ ಹೂಡಿತು. ಹಲವು ರೋಗಿಗಳು ಊಟ ಮಾಡಿದ್ದ ಒಂದೇ ರೆಸ್ಟೋರೆಂಟನ್ನು ಆರಿಸಿಕೊಂಡು, ಅಲ್ಲಿಗೆ ಗುಂಪಾಗಿ ಬಂದಿದ್ದವರು ಯಾವ ಖಾದ್ಯ ತರಿಸಿದ್ದರು ಎಂಬುದನ್ನು ಬಿಲ್ಲು, ಫೋಟೊಗಳ ನೆರವಿನಿಂದ ಖಚಿತಪಡಿಸಿಕೊಂಡು, ಆ ಖಾದ್ಯಕ್ಕೆ ಏನೇನು ಹಾಕುತ್ತೀರಿ ಎಂದು ಅಡುಗೆಯವರನ್ನೇ ಕೇಳಿತು. ಉಂಡವರ ನೆನಪಿಗೆ ಬದಲಾಗಿ ಅಡುಗೆಮನೆಯ ಲೆಕ್ಕ ಸಿಕ್ಕಿದಾಗ, ಮೊಳಕೆ ಇದ್ದ ಖಾದ್ಯ ತಿಂದವರಿಗೆ ಕಾಯಿಲೆಯಾಗುವ ಸಂಭವ ಉಳಿದವರಿಗಿಂತ ಸುಮಾರು 14 ಪಟ್ಟು ಹೆಚ್ಚೆಂದು ಹೊರಬಿತ್ತು. ಅಲ್ಲಿ ಕಾಯಿಲೆ ಬಿದ್ದವರೆಲ್ಲರ ತಟ್ಟೆಯಲ್ಲೂ ಮೊಳಕೆ ಇತ್ತು.

ಇನ್ನೊಂದು ತಂಡ ಸರಕಿನ ರಸೀದಿಗಳನ್ನು ಹಿಡಿದು ಹಿಂದಕ್ಕೆ ಹೋಯಿತು. ಜನ ಗುಂಪಾಗಿ ಕಾಯಿಲೆ ಬಿದ್ದ 41 ಕಡೆಗಳ ಜಾಡು ಲೋವರ್ ಸ್ಯಾಕ್ಸನಿ ರಾಜ್ಯದ ಒಂದೇ ಮೊಳಕೆ ತಯಾರಿಕಾ ಘಟಕಕ್ಕೆ ಬಂದು ಸೇರಿತು. ಜೂನ್‌ನಲ್ಲಿ ಫ್ರಾನ್ಸ್‌ನ ಬೋರ್ಡೊ ಬಳಿಯಲ್ಲೂ ಅದೇ ತಳಿಯ ಸೋಂಕು ಕಾಣಿಸಿಕೊಂಡಿತು. ಎರಡೂ ಕಡೆಯ ಮೊಳಕೆಗೆ ಬಳಸಿದ್ದ ಬೀಜಗಳಲ್ಲಿ ಸಮಾನವಾಗಿದ್ದದ್ದು ಈಜಿಪ್ಟ್‌ನಿಂದ ಬಂದ ಮೆಂತ್ಯದ ಒಂದು ಸರಕು. ನಿಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ ಸಂಗತಿಯೆಂದರೆ, ಆ ಬೀಜಗಳನ್ನು ಎಷ್ಟು ಪರೀಕ್ಷಿಸಿದರೂ ಪ್ರಯೋಗಾಲಯದಲ್ಲಿ ಆ ಬ್ಯಾಕ್ಟೀರಿಯಾ ಸಿಗಲಿಲ್ಲ. ಮಾದರಿಯಲ್ಲಿ ರೋಗಾಣು ಸಿಗಲಿಲ್ಲವೆಂದ ಮಾತ್ರಕ್ಕೆ ಆಹಾರ ಶುದ್ಧವಾಗಿತ್ತೆಂದು ಅರ್ಥವಲ್ಲ. ಪಿಡುಗು ಮುಗಿಯುವ ಹೊತ್ತಿಗೆ ಜರ್ಮನಿಯಲ್ಲಿ 3,800ಕ್ಕೂ ಹೆಚ್ಚು ಜನರಿಗೆ ಸೋಂಕು ತಗುಲಿತ್ತು, 53 ಮಂದಿ ಸತ್ತಿದ್ದರು.

ಪ್ರಶ್ನೆ: ಮೆಂತ್ಯ, ಹೆಸರುಕಾಳುಗಳನ್ನು ಮೊಳಕೆ ಕಟ್ಟಿಸಿ ಹಸಿಯಾಗಿಯೇ ತಿನ್ನುವ ಅಭ್ಯಾಸ ನಮ್ಮ ಮನೆಯಲ್ಲಿದೆ. ನಿಲ್ಲಿಸಬೇಕೇ?
– ಗೃಹಿಣಿಯೊಬ್ಬರು, ಶಿರಸಿ

ಉತ್ತರ: ಮೊಳಕೆ ಕಾಳನ್ನು ಬಿಡಬೇಕಾಗಿಲ್ಲ, ಹಸಿಯಾಗಿ ತಿನ್ನುವುದನ್ನು ಬಿಟ್ಟರೆ ಒಳ್ಳೆಯದು. ಕಾಳನ್ನು ನೆನೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ ಬೆಚ್ಚಗಿಟ್ಟಾಗ ಮೊಳಕೆಗೆ ಒದಗುವ ತೇವ, ಶಾಖ ಮತ್ತು ಪೋಷಕಾಂಶಗಳೇ ಬ್ಯಾಕ್ಟೀರಿಯಾಗಳಿಗೂ ಒದಗುತ್ತವೆ. ಕಾಳಿನ ಬಿರುಕಿನಲ್ಲಿ ಕೆಲವೇ ಇದ್ದರೂ ಒಂದೆರಡು ದಿನಗಳಲ್ಲಿ ವಿಪರೀತ ಹೆಚ್ಚುತ್ತವೆ. ತೊಳೆದರೆ ಅವು ಪೂರ್ತಿ ಹೋಗುವುದಿಲ್ಲ. ಚೆನ್ನಾಗಿ ಬೇಯಿಸಿ ಉಸಲಿ, ಹುಳಿ ಅಥವಾ ಪಲ್ಯ ಮಾಡಿಕೊಳ್ಳಿ. ಚಿಕ್ಕ ಮಕ್ಕಳು, ಗರ್ಭಿಣಿಯರು, ವಯಸ್ಸಾದವರು ಮತ್ತು ರೋಗನಿರೋಧಕ ಶಕ್ತಿ ಕುಂದಿರುವವರಿಗೆ ಹಸಿ ಮೊಳಕೆಯನ್ನು ಕೊಡಲೇಬೇಡಿ. ಯಾರಿಗಾದರೂ ಭೇದಿಯಲ್ಲಿ ರಕ್ತ ಕಾಣಿಸಿದರೆ ಅಂಗಡಿಯಿಂದ ಮಾತ್ರೆ ತಂದು ನುಂಗಿಸದೆ, ಅಂದೇ ವೈದ್ಯರ ಬಳಿಗೆ ಕರೆದುಕೊಂಡು ಹೋಗಿ, ಹಿಂದಿನ ದಿನಗಳಲ್ಲಿ ತಿಂದದ್ದನ್ನು ನೆನಪಿದ್ದಷ್ಟೂ ತಿಳಿಸಿ.