ಬಯಾಲಜಿ ಇಷ್ಟ ಎಂದವಳಿಗೆ ಮೆಕ್ಯಾನಿಕಲ್ ಹೇಳಿದ್ದೇಕೆ?

ಸಿಇಟಿ ರ‍್ಯಾಂಕ್ ಬಂದ ಮೇಲೆ ಯಾವ ಕೋರ್ಸ್ ಎಂದು ನನ್ನ ಬಳಿ ಸಲಹೆಗೆ ಬರುವವರಿಂದ ಪ್ರತಿ ವರ್ಷ ಈ ಪ್ರಶ್ನೆ ಬರುತ್ತದೆ. ಪಿಸಿಎಂಬಿ ಓದಿದ ಮಕ್ಕಳು. ನೀಟ್‌ನಲ್ಲಿ ಸೀಟು ಸಿಗುವಷ್ಟು ಅಂಕವಿಲ್ಲ, ಬಯಾಲಜಿ ಬಿಡಲು ಮನಸ್ಸಿಲ್ಲ. 'ಬಯೋಇಂಜಿನಿಯರಿಂಗ್‌ಗೆ ಯಾವ ಕಾಲೇಜು ಒಳ್ಳೇದು?' ಎಂದು ಕೇಳುತ್ತಾರೆ. ಈ ಹುಡುಗಿಯದೂ ಅದೇ ಪ್ರಶ್ನೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.

ಅಪ್ಪ ಪಟ್ಟಿ ಮಾಡಿಕೊಂಡೇ ಬಂದಿದ್ದರು. ಆರ್‌.ವಿ., ಬಿಎಂಎಸ್, ರಾಮಯ್ಯ, ಮೂರರಲ್ಲೂ ಬಯೋಟೆಕ್ನಾಲಜಿ. "ಬಯೋಇಂಜಿನಿಯರಿಂಗ್, ಬಯೋಟೆಕ್ನಾಲಜಿ ಎರಡೂ ಒಂದೇ ತಾನೇ?" ಎಂದರು. ಮಗಳು ಸುಮ್ಮನಿದ್ದಳು. ಹಾಗಾಗಿ ಮುಂದಿನ ಸಲ ಅವಳೊಬ್ಬಳನ್ನೇ ಕರೆದೆ.

ಕಾಲೇಜಿನ ಮಾತೇ ಎತ್ತಲಿಲ್ಲ. "ಮುಂದೆ ಏನು ಮಾಡಬೇಕು ಅಂತಿದ್ದೀಯ?" ಎಂದು ಕೇಳಿದೆ. ಮೊದಲು "ರಿಸರ್ಚ್" ಅಂದಳು. ಎಂಥ ರಿಸರ್ಚ್ ಎಂದಾಗ ಮಾವನ ವಿಷಯ ಬಂತು. ಅಪಘಾತದಲ್ಲಿ ಮೊಣಕಾಲಿನ ಕೆಳಗೆ ಕಾಲು ಹೋಗಿದೆ. ಕೃತಕ ಕಾಲು ಇದೆ, ಆದರೆ ಹಾಕಿಕೊಳ್ಳುವುದಿಲ್ಲ. ಉಳಿದ ಕಾಲು ಕೂರುವ ಬಟ್ಟಲು, ಅಂದರೆ ಸಾಕೆಟ್, ಉಜ್ಜಿ ಹುಣ್ಣಾಗುತ್ತದೆ. "ಸಂಜೆ ಹೊತ್ತಿಗೆ ಕಾಲು ಊದುತ್ತೆ ಮೇಡಂ, ಬೆಳಿಗ್ಗೆ ಸರಿ ಇದ್ದದ್ದು ಸಂಜೆ ಬಿಗಿಯಾಗುತ್ತೆ. ತಾನಾಗೇ ಸಡಿಲ ಆಗೋ ಸಾಕೆಟ್ ಮಾಡೋಕಾಗಲ್ವಾ?"

ಹದಿನೆಂಟರ ಹುಡುಗಿ ಇಷ್ಟು ಸರಿಯಾಗಿ ಗಮನಿಸಿದ್ದಾಳಲ್ಲ ಎಂದು ತುಂಬಾ ಖುಷಿಯಾಯಿತು. ವಿಟಿಯುನ ಬಯೋಟೆಕ್ನಾಲಜಿ ಪಠ್ಯಕ್ರಮ ತೆಗೆದು ಮುಂದಿಟ್ಟೆ. ಮೈಕ್ರೋಬಯಾಲಜಿ, ಕಿಣ್ವಗಳು, ಜೀನ್ ತಂತ್ರಜ್ಞಾನ, ಬಯೋರಿಯಾಕ್ಟರ್. ಬೆರಳಿಟ್ಟು ನಿಧಾನವಾಗಿ ಓದಿದಳು. "ಇದರಲ್ಲಿ ಕಾಲೇ ಇಲ್ವಲ್ಲ," ಅಂದಳು.

ಲಸಿಕೆ, ಔಷಧ, ಜೀವಕೋಶ ಎಂದು ಮನಸ್ಸಿರುವವರಿಗೆ ಬಯೋಟೆಕ್ ಸರಿಯಾದ ದಾರಿ. ಅಂಥವರಿಗೆ ನಾನೇ ಧೈರ್ಯ ಹೇಳಿ ಕಳಿಸಿದ್ದೇನೆ. ಇವಳಿಗೆ ಬೇಕಾದದ್ದು ಬಲ, ಒತ್ತಡ, ವಸ್ತುಗಳ ಗುಣ, ಸೆನ್ಸರ್. ಅದಕ್ಕೇ ಮೆಕ್ಯಾನಿಕಲ್ ಮೊದಲು, ಮೆಡಿಕಲ್ ಎಲೆಕ್ಟ್ರಾನಿಕ್ಸ್ ಆಮೇಲೆ ಎಂದೆ. ಮೆಡಿಕಲ್ ಎಲೆಕ್ಟ್ರಾನಿಕ್ಸ್ ಬಿಎಂಎಸ್, ರಾಮಯ್ಯ, ದಯಾನಂದ ಸಾಗರ್‌ನಲ್ಲಿದೆ. ಬಯೋಮೆಡಿಕಲ್ ಎಂಬ ಹೆಸರಿನಲ್ಲೇ ಬೇಕಿದ್ದರೆ ಮಣಿಪಾಲದಲ್ಲಿದೆ, ಆದರೆ ಸಿಇಟಿ ರ‍್ಯಾಂಕ್ ಅಲ್ಲಿ ನಡೆಯುವುದಿಲ್ಲ, ಶುಲ್ಕವೂ ಜಾಸ್ತಿ. ಐಐಟಿ ಹೈದರಾಬಾದ್‌ನಲ್ಲೂ ಇದೆ, ಅದಕ್ಕೆ ಜೆಇಇ ಅಡ್ವಾನ್ಸ್ಡ್ ಬೇಕು.

ಅಪ್ಪನಿಗೆ ಬೇಸರವಾಯಿತು. "ಬಯಾಲಜಿ ಎರಡು ವರ್ಷ ಓದಿದ್ದು ದಂಡವಾ?" ಎಂದರು. ಸಹೋದ್ಯೋಗಿಯೊಬ್ಬರು ಹುಡುಗಿಗೆ ಮೆಕ್ಯಾನಿಕಲ್ ಹೇಳಿದ್ದಕ್ಕೆ ಆಕ್ಷೇಪಿಸಿದರು. ಆ ಎರಡನೇ ಮಾತಿಗೆ ನನ್ನ ಹತ್ತಿರ ಸಮಾಧಾನದ ಉತ್ತರವಿಲ್ಲ, ಸಿಟ್ಟೇ ಬರುತ್ತದೆ. ಅಪ್ಪನಿಗೆ ಮಾತ್ರ ಚಿತ್ರಾ ಹೃದಯ ಕವಾಟದ ಕಥೆ ಹೇಳಿದೆ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಡಾ. ಎಂ.ಎಸ್. ವಲಿಯತ್ತಾನ್ ತಂಡ ಮಾಡಿದ್ದು. 1990ರಲ್ಲಿ ಮೊದಲ ಬಾರಿ ರೋಗಿಗೆ ಅಳವಡಿಸಿದರು. ಅದಕ್ಕೂ ಮುಂಚಿನ ಮಾದರಿಗಳು ಪರೀಕ್ಷೆಯಲ್ಲಿ ಸೋತಿದ್ದವು. ಕೊನೆಗೆ ಗೆದ್ದದ್ದು ಲೋಹದ ಚೌಕಟ್ಟು, ಒಳಗೆ ಓಲಾಡುವ ಪ್ಲಾಸ್ಟಿಕ್ ಬಿಲ್ಲೆ. ಯಾವ ಲೋಹ ಸವೆಯುವುದಿಲ್ಲ, ಯಾವ ಪ್ಲಾಸ್ಟಿಕ್ ಕೋಟಿಗಟ್ಟಲೆ ಬಡಿತ ತಾಳುತ್ತದೆ ಎಂದು ಹುಡುಕುವ ಕೆಲಸ ಎಂಜಿನಿಯರ್‌ಗಳದ್ದು. ವೈದ್ಯರ ಜೊತೆ ಕೂತು ಮಾಡಿದರು. ಇವಳಿಗೂ ಬಯಾಲಜಿ ಗೊತ್ತಿರುವುದು ಅಲ್ಲೇ ಕೈ ಹಿಡಿಯುವುದು.

ಮೆಕ್ಯಾನಿಕಲ್ ಓದಿದರೂ ಮುಂದೆ ಬಯೋಮೆಡಿಕಲ್ ಕಡೆ ಹೋಗುವ ಬಾಗಿಲು ಮುಚ್ಚಿರುವುದಿಲ್ಲ. 2020ರಿಂದ ಎಂ.ಟೆಕ್ ಪ್ರವೇಶ ಪರೀಕ್ಷೆ ಗೇಟ್‌ನಲ್ಲಿ ಬಯೋಮೆಡಿಕಲ್ ಎಂಜಿನಿಯರಿಂಗ್ ಪತ್ರಿಕೆಯೇ ಇದೆ. ಬೆಂಗಳೂರಿನ ಐಐಎಸ್‌ಸಿಯಲ್ಲಿ ಬಯೋಇಂಜಿನಿಯರಿಂಗ್ ವಿಭಾಗವಿದೆ.

ಬೇಕಾದ ಕಾಲೇಜು, ಬ್ರಾಂಚುಗಳನ್ನು ಕ್ರಮವಾಗಿ ತುಂಬುವ ಆಪ್ಷನ್ ಎಂಟ್ರಿ ಬಗ್ಗೆ ಒಂದು ಮಾತು ಒತ್ತಿ ಹೇಳಿದೆ, ಎಲ್ಲ ಪೋಷಕರಿಗೂ ಹೇಳುತ್ತೇನೆ. ಮೇಲೆ ಹಾಕಿದ್ದು ಸಿಕ್ಕಿಬಿಟ್ಟರೆ ಸೀಟು ಹಂಚುವ ಕೆಇಎ ಕೆಳಗಿನದನ್ನು ನೋಡುವುದಿಲ್ಲ. ದೊಡ್ಡ ಕಾಲೇಜಿನ ಹೆಸರಿಗಾಗಿ ಬೇಡದ ಬ್ರಾಂಚನ್ನು ಮೇಲೆ ಹಾಕಬೇಡಿ.

ಅಪ್ಪ ಇನ್ನೂ ಪೂರ್ತಿ ಒಪ್ಪಿಲ್ಲ. ಆದರೂ ಪಟ್ಟಿಯನ್ನು ಮಗಳೇ ತುಂಬಿದಳು. ಬಯೋಟೆಕ್ ಅದರಲ್ಲಿ ಇಲ್ಲ.