ಸಿಕ್ಕಿಬೀಳುತ್ತೇವೆ ಅಂತ ಗೊತ್ತಿದ್ದೂ ಆಟಗಾರರು ಉದ್ದೀಪನ ಮದ್ದು ಯಾಕೆ ತಗೊಳ್ಳುತ್ತಾರೆ?

ಸಿಕ್ಕಿಬಿದ್ದರೆ ಪದಕವೂ ಹೋಗುತ್ತದೆ, ಮಾನವೂ ಹೋಗುತ್ತದೆ. ಗೊತ್ತಿದ್ದೂ ತಗೊಳ್ಳುವುದು ದುರಾಸೆ ಅಲ್ಲದೆ ಇನ್ನೇನು, ಸಮಾಜಶಾಸ್ತ್ರದವರು ಬೇರೆ ಏನಾದರೂ ಹೇಳುತ್ತಾರಾ ಅಂತ ಕೇಳಿದ್ದೀರಿ. ಹೇಳುತ್ತಾರೆ. ಆದರೆ ಅವರನ್ನು ಓದುವುದಕ್ಕೆ ಮುಂಚೆ ನಾನು ಇದನ್ನು ಹಾಸ್ಟೆಲ್‌ನಲ್ಲಿ ಕಣ್ಣಾರೆ ನೋಡಿದ್ದೆ. ಅಲ್ಲಿಂದಲೇ ಶುರು ಮಾಡುತ್ತೇನೆ.

ಕಾಲೇಜಿನಲ್ಲಿ ನಾನು 400 ಮೀಟರ್ ಓಡುತ್ತಿದ್ದೆ. ರಾಜ್ಯ ಮಟ್ಟದಲ್ಲಿ ಹೀಟ್ಸ್ ದಾಟಿದ್ದು ಒಂದೆರಡು ಸಲ, ಅಷ್ಟೇ. ನನ್ನ ರೂಮ್‌ಮೇಟ್ ನನಗಿಂತ ಬಹಳ ಮೇಲಿನವನು. ಬೆಳಿಗ್ಗೆ ನಾಲ್ಕೂಮುಕ್ಕಾಲಿಗೆ ಅಲಾರಾಂ ಇಲ್ಲದೆ ಏಳುತ್ತಿದ್ದ. ನೆನೆಹಾಕಿದ ಬಾದಾಮಿಯನ್ನು ಎಣಿಸಿ ತಿನ್ನುತ್ತಿದ್ದ. ಕರಿದ ತಿಂಡಿ ಬಿಟ್ಟಿದ್ದ, ಸಿನಿಮಾ ಬಿಟ್ಟಿದ್ದ. ಅಕ್ಕನ ಮದುವೆಗೆ ಹೋದವನು ಊಟ ಮುಗಿಸಿ ಅದೇ ರಾತ್ರಿಯ ಬಸ್ಸಿಗೆ ವಾಪಸ್ ಬಂದಿದ್ದ. ಮಂಡಿ ಊದಿಕೊಂಡಿದ್ದರೂ ಕೋಚ್ ಹೇಳಿದಷ್ಟು ರೌಂಡ್ ಮುಗಿಸದೆ ಟ್ರ್ಯಾಕ್ ಬಿಡುತ್ತಿರಲಿಲ್ಲ.

ಒಂದು ಸೀಸನ್‌ಗೆ ಮುಂಚೆ, ಕೋಚ್‌ಗೆ ಪರಿಚಯವಿದ್ದ ಒಬ್ಬರು ವಾರಕ್ಕೆ ಎರಡು ಸಲ ನಮ್ಮ ರೂಮಿಗೆ ಬರತೊಡಗಿದರು. ಇವನು ಮಂಚದ ಮೇಲೆ ಬೋರಲು ಮಲಗುತ್ತಿದ್ದ. ಅವರು ಸೊಂಟಕ್ಕೆ ಸೂಜಿ ಚುಚ್ಚಿ, ಹತ್ತಿ ಒತ್ತಿ, ಖಾಲಿ ಸೀಸೆಯನ್ನು ಜೇಬಿಗೆ ಹಾಕಿಕೊಂಡು ಹೋಗುತ್ತಿದ್ದರು. ಸೀಸೆಯ ಲೇಬಲ್ ಮೊದಲೇ ಕಿತ್ತಿರುತ್ತಿತ್ತು.

"ಏನೋ ಅದು?" ಅಂತ ಒಮ್ಮೆ ಕೇಳಿದೆ.

"ವಿಟಮಿನ್ ಕಣೋ. ರಿಕವರಿಗೆ ಒಳ್ಳೇದಂತೆ. ಸರ್ ಹೇಳಿದಾರೆ."

ಅಲ್ಲಿಗೆ ಮಾತು ಮುಗಿಯಿತು.

ರಾತ್ರಿ ಕಾಂಪೌಂಡ್ ಹಾರುವವರು, ಕದ್ದು ಸಿಗರೇಟು ಸೇದುವವರು ಆ ಹಾಸ್ಟೆಲ್‌ನಲ್ಲಿ ಬೇಕಾದಷ್ಟಿದ್ದರು. ಸೂಜಿ ಚುಚ್ಚಿಸಿಕೊಂಡವನು ಮಾತ್ರ ಅಲ್ಲಿ ಎಲ್ಲರಿಗಿಂತ ಹೇಳಿದ ಮಾತು ಕೇಳುವ ಹುಡುಗ. ಇದು ಎಷ್ಟೋ ವರ್ಷ ನನ್ನನ್ನು ಕಾಡಿತ್ತು. ಆಮೇಲೆ ರಾಬರ್ಟ್ ಹ್ಯೂಸ್ ಮತ್ತು ಜೇ ಕೋಕ್ಲಿ ಎಂಬಿಬ್ಬರು ಸಮಾಜಶಾಸ್ತ್ರಜ್ಞರು 1991ರಲ್ಲಿ ಬರೆದದ್ದನ್ನು ಓದಿದಾಗ ಅವನ ಮುಖ ಕಣ್ಣ ಮುಂದೆ ಬಂತು. ಅವರ ವಾದ ಸರಳ. ಆಟದ ಲೋಕ ಮಕ್ಕಳಿಗೆ ನಾಲ್ಕು ಮಾತು ಕಲಿಸುತ್ತದೆ: ಆಟಕ್ಕಾಗಿ ಎಲ್ಲವನ್ನೂ ಬಿಡು, ಎಲ್ಲರಿಗಿಂತ ಮುಂದೆ ಬಾ, ನೋವಿದ್ದರೂ ಆಡು, ನಿನ್ನಿಂದ ಆಗದ್ದು ಯಾವುದೂ ಇಲ್ಲ ಅಂತ ನಂಬು. ಇದನ್ನೆಲ್ಲ ನಾವೇ ಚಪ್ಪಾಳೆ ತಟ್ಟಿ ಹೊಗಳುತ್ತೇವೆ, ಅಲ್ವಾ? ಈ ಮಾತುಗಳನ್ನು ಅಳತೆ ಮೀರಿ ಪಾಲಿಸುವವರು ಒಂದು ದಿನ ಮದ್ದಿನ ಹತ್ತಿರ ಬಂದು ನಿಲ್ಲುತ್ತಾರೆ. ಊದಿದ ಮಂಡಿಯಲ್ಲಿ ಓಡಿದವನಿಗೆ ಸೂಜಿ ದೊಡ್ಡ ವಿಷಯ ಅನ್ನಿಸುವುದೇ ಇಲ್ಲ.

ಇನ್ನು ದುಡ್ಡು, ಕೆಲಸದ ಮಾತು. ಸಮಾಜ ಒಂದು ಗುರಿಯನ್ನು ಎಲ್ಲರ ಮುಂದೆ ಇಟ್ಟು, ಅಲ್ಲಿಗೆ ಹೋಗುವ ದಾರಿಯನ್ನು ಕೆಲವರಿಗೆ ಮಾತ್ರ ಕೊಟ್ಟರೆ, ಉಳಿದವರು ಬೇರೆ ದಾರಿ ಹುಡುಕುತ್ತಾರೆ ಅಂತ ಸಮಾಜಶಾಸ್ತ್ರಜ್ಞ ರಾಬರ್ಟ್ ಮೆರ್ಟನ್ 1938ರಲ್ಲೇ ಹೇಳಿದ್ದರು. ನಮ್ಮಲ್ಲಿ ಆ ಗುರಿ ಬಹಳ ಸಲ ಒಲಿಂಪಿಕ್ಸ್ ಅಲ್ಲವೇ ಅಲ್ಲ. ರೈಲ್ವೆಯಲ್ಲೋ ಪೊಲೀಸ್‌ನಲ್ಲೋ ಸೈನ್ಯದಲ್ಲೋ ಕ್ರೀಡಾ ಕೋಟಾದ ಒಂದು ಕೆಲಸ. ಎರಡು ಎಕರೆ ಹೊಲದ ಮನೆಯ ಮಗ ಮೂರನೇ ಸ್ಥಾನ ಬಂದರೆ ಸರ್ಟಿಫಿಕೇಟು ಸಿಗುತ್ತದೆ, ನಾಲ್ಕನೇ ಸ್ಥಾನ ಬಂದರೆ ಬಸ್ ಚಾರ್ಜೂ ಮೈಮೇಲೆ ಬರುತ್ತದೆ. ಮೂರಕ್ಕೂ ನಾಲ್ಕಕ್ಕೂ ನಡುವೆ ಇರುವುದು ಕಣ್ಣು ಮಿಟುಕಿಸುವಷ್ಟು ಹೊತ್ತು. ಅದನ್ನು ನಾನು ದುರಾಸೆ ಅಂತ ಕರೆಯಲಾರೆ.

ನನಗೆ ಇದಕ್ಕಿಂತ ಮುಖ್ಯ ಅನ್ನಿಸುವುದು ಮದ್ದು ಕೈಗೆ ಬರುವ ದಾರಿ. ಹಳ್ಳಿಯಿಂದ ಬಂದ ಹದಿನೆಂಟರ ಹುಡುಗಿಗೆ ಸ್ನಾಯು ಬೆಳೆಸುವ ಸ್ಟೆರಾಯ್ಡ್ ಮದ್ದಿನ ಹೆಸರು ಗೊತ್ತಿರುವುದಿಲ್ಲ. ಯಾವಾಗ ನಿಲ್ಲಿಸಿದರೆ ಪರೀಕ್ಷೆಯಲ್ಲಿ ಕಾಣುವುದಿಲ್ಲ ಅನ್ನುವ ಲೆಕ್ಕವಂತೂ ಗೊತ್ತೇ ಇರುವುದಿಲ್ಲ. ಅದನ್ನು ಬಲ್ಲವರು ಅವಳ ಸುತ್ತ ಇರುತ್ತಾರೆ. ಇದರ ಅತಿ ಕ್ರೂರ ರೂಪ ಪೂರ್ವ ಜರ್ಮನಿಯಲ್ಲಿ ನಡೆಯಿತು. 1974ರಿಂದ ಅಲ್ಲಿ ಸರ್ಕಾರವೇ ಗುಟ್ಟಾಗಿ ಯೋಜನೆ ಮಾಡಿ ಆಟಗಾರರಿಗೆ ಓರಲ್ ಟ್ಯೂರಿನಾಬಾಲ್ ಎಂಬ ಸ್ಟೆರಾಯ್ಡ್ ನುಂಗಿಸಿತು. ಚಿಕ್ಕ ನೀಲಿ ಮಾತ್ರೆ. ಈಜುಕೊಳದ ಎಳೆಯ ಹುಡುಗಿಯರಿಗೆ ಅದನ್ನು ಕೊಡುವಾಗ ಹೇಳಿದ್ದೇನು ಗೊತ್ತಾ? ವಿಟಮಿನ್ ಅಂತ. ನನ್ನ ರೂಮಿನಲ್ಲಿ ಕೇಳಿದ ಅದೇ ಮಾತು. ಬರ್ಲಿನ್ ಗೋಡೆ ಬಿದ್ದ ಮೇಲೆ ವಿಚಾರಣೆ ನಡೆದು, 2000ದಲ್ಲಿ ಅಲ್ಲಿನ ಕ್ರೀಡಾ ಮುಖ್ಯಸ್ಥ ಮ್ಯಾನ್‌ಫ್ರೆಡ್ ಏವಾಲ್ಡ್ ತಪ್ಪಿತಸ್ಥ ಅಂತ ತೀರ್ಪಾಯಿತು. ಶಿಕ್ಷೆಯನ್ನು ಅಮಾನತಿನಲ್ಲಿಟ್ಟರು, ಆತ ಜೈಲಿಗೆ ಹೋಗಲಿಲ್ಲ.

ನಮ್ಮವರದೇ ಒಂದು ಪ್ರಕರಣ ಇದೆ. ಉಡುಪಿ ಜಿಲ್ಲೆಯ ಸಿದ್ದಾಪುರದ ಕಡೆಯ ಅಶ್ವಿನಿ ಅಕ್ಕುಂಜಿ 2010ರಲ್ಲಿ ದೆಹಲಿಯ ಕಾಮನ್‌ವೆಲ್ತ್ ಕೂಟದ ರಿಲೇಯಲ್ಲಿ ಚಿನ್ನ ಗೆದ್ದರು. ಮುಂದಿನ ತಿಂಗಳೇ ಗುವಾಂಗ್‌ಝೌ ಏಷ್ಯನ್ ಕೂಟದಲ್ಲಿ 400 ಮೀಟರ್ ಹರ್ಡಲ್ಸ್‌ನಲ್ಲೂ ರಿಲೇಯಲ್ಲೂ ಚಿನ್ನ. ಆಗ ಊರೂರಲ್ಲಿ ಬ್ಯಾನರ್ ಕಟ್ಟಿದ್ದು ನೆನಪಿರಬಹುದು. 2011ರಲ್ಲಿ ಅವರೂ ಸೇರಿ ಆರು ಓಟಗಾರ್ತಿಯರ ಪರೀಕ್ಷೆಯಲ್ಲಿ ಸ್ಟೆರಾಯ್ಡ್ ಸಿಕ್ಕಿತು. ಉಕ್ರೇನ್‌ನ ಕೋಚ್ ಕೊಟ್ಟ ಜಿನ್‌ಸೆಂಗ್ ಎಂಬ ಗಿಡಮೂಲಿಕೆಯಿಂದ ಹೀಗಾಯಿತು ಅಂತ ಅವರು ವಾದಿಸಿದರು. ನಾಡಾ, ಅಂದರೆ ನಮ್ಮ ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಘಟಕದ ಶಿಸ್ತು ಸಮಿತಿ ಅದನ್ನು ಒಂದು ಮಟ್ಟಿಗೆ ಒಪ್ಪಿ ಒಂದು ವರ್ಷದ ನಿಷೇಧ ಹಾಕಿತು. 2012ರಲ್ಲಿ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ ಅದನ್ನು ಎರಡು ವರ್ಷಕ್ಕೆ ಏರಿಸಿತು. ಮೈಯಲ್ಲಿ ಏನೇ ಸಿಕ್ಕರೂ ಅದಕ್ಕೆ ಆಟಗಾರರೇ ಹೊಣೆ ಅನ್ನುವುದು ನಿಯಮ. ಕೋಚ್‌ನನ್ನು ಕೆಲಸದಿಂದ ತೆಗೆದರು. ಆ ಆರು ಜನರ ಹೆಸರಿನ ಮುಂದೆ ಮಾತ್ರ ಆ ಕಲೆ ಉಳಿಯಿತು.

ಆ ನಿಯಮ ಇಲ್ಲದಿದ್ದರೆ ಯಾರನ್ನೂ ಹಿಡಿಯಲು ಆಗುವುದಿಲ್ಲ, ಅದು ನನಗೂ ಗೊತ್ತು. ಎಲ್ಲರೂ ಅಮಾಯಕರು ಅಂತಲೂ ನಾನು ಹೇಳುತ್ತಿಲ್ಲ. ಸೈಕಲ್ ಓಟದ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್‌ಗೆ ಎಲ್ಲವೂ ಗೊತ್ತಿತ್ತು. ಏಳು ಟೂರ್ ಡಿ ಫ್ರಾನ್ಸ್ ಪ್ರಶಸ್ತಿ ಕಳೆದುಕೊಂಡ ಮೇಲೆ, 2013ರ ಟಿವಿ ಸಂದರ್ಶನದಲ್ಲಿ ಆತ ಒಂದು ಮಾತು ಹೇಳಿದ. ಮೋಸ ಅನ್ನುವ ಪದವನ್ನು ನಿಘಂಟಿನಲ್ಲಿ ನೋಡಿದೆ, ಎದುರಾಳಿಗೆ ಇಲ್ಲದ ಲಾಭ ಪಡೆಯುವುದು ಅಂತಿತ್ತು, ನನಗೆ ಹಾಗನ್ನಿಸಿರಲಿಲ್ಲ ಅಂತ. ಸುಮ್ನೆ ತಪ್ಪಿಸಿಕೊಳ್ಳುವ ಮಾತು ಅನ್ನಬಹುದು. ನನಗೆ ಅದು ನಿಜದ ಒಂದು ತುಂಡು ಅನ್ನಿಸುತ್ತದೆ. ಸುತ್ತಲಿನವರೆಲ್ಲ ಮಾಡುತ್ತಿದ್ದಾರೆ ಅಂತ ನಂಬಿದ ಮೇಲೆ ತಪ್ಪು ತಪ್ಪಿನ ಹಾಗೆ ಕಾಣುವುದೇ ಇಲ್ಲ.

2023ರ ಸೆಪ್ಟೆಂಬರ್‌ನಲ್ಲಿ ದೆಹಲಿ ರಾಜ್ಯ ಅಥ್ಲೆಟಿಕ್ಸ್ ಕೂಟಕ್ಕೆ ನಾಡಾದವರು ಬಂದಿದ್ದಾರೆ ಅಂತ ಸುದ್ದಿ ಹಬ್ಬಿತು. ಪುರುಷರ 100 ಮೀಟರ್ ಫೈನಲ್‌ನಲ್ಲಿ ಎಂಟು ಜನ ಓಡಬೇಕಿತ್ತು, ಓಡಿದ್ದು ಒಬ್ಬನೇ. ಸ್ಟೀಪಲ್‌ಚೇಸ್‌ನಲ್ಲಿ ಒಬ್ಬ ಹುಡುಗಿ ಗೆರೆ ದಾಟಿದ ಮೇಲೂ ನಿಲ್ಲದೆ ಓಡಿದಳು, ಅಧಿಕಾರಿ ಹಿಂದೆ ಓಡಬೇಕಾಯಿತು. ಸ್ಟೇಡಿಯಂ ಶೌಚಾಲಯದಲ್ಲಿ ಸಿರಿಂಜ್ ಬಿದ್ದಿರುವ ವಿಡಿಯೋ ಎಲ್ಲ ಕಡೆ ಓಡಾಡಿತು. ಜನ ನಕ್ಕರು. ನನಗೆ ನಗು ಬರಲಿಲ್ಲ. ಅಷ್ಟು ದೊಡ್ಡ ಸಂಖ್ಯೆಯಲ್ಲಿ ಓಡಿಹೋಗಬೇಕಾದರೆ ಅವರಿಗೆ ಕೊಟ್ಟವರು ಎಷ್ಟು ಜನ? 2022ರಲ್ಲಿ ಭಾರತದಲ್ಲಿ ಪರೀಕ್ಷಿಸಿದ 3,865 ಮಾದರಿಗಳಲ್ಲಿ 125ರಲ್ಲಿ ನಿಷೇಧಿತ ವಸ್ತು ಸಿಕ್ಕಿತ್ತು. ಎರಡು ಸಾವಿರಕ್ಕಿಂತ ಜಾಸ್ತಿ ಪರೀಕ್ಷೆ ನಡೆಸಿದ ದೇಶಗಳಲ್ಲಿ ನಮ್ಮದೇ ಅತಿ ಹೆಚ್ಚಿನ ಪ್ರಮಾಣ. ಆದರೆ ನಿಷೇಧದ ಪಟ್ಟಿ ತೆರೆದು ನೋಡಿ. ಹೆಚ್ಚೂಕಡಿಮೆ ಎಲ್ಲವೂ ಆಟಗಾರರ ಹೆಸರೇ. ಚುಚ್ಚಿದವರು, ಮಾರಿದವರು, ಗೊತ್ತಿದ್ದೂ ಸುಮ್ಮನಿದ್ದವರು ಅದರಲ್ಲಿ ಕಾಣುವುದು ತೀರಾ ಅಪರೂಪ. ಮದ್ದು ಮುಟ್ಟದೆ ನಾಲ್ಕನೇ ಸ್ಥಾನಕ್ಕೆ ಬಂದು ಕೆಲಸ ಕಳೆದುಕೊಂಡವನು ಯಾವ ಪಟ್ಟಿಯಲ್ಲೂ ಇಲ್ಲ. ಅವನನ್ನು ನೆನೆದರೆ ನನಗೆ ಜಾಸ್ತಿ ಸಂಕಟ.

ನನ್ನ ರೂಮ್‌ಮೇಟ್‌ನ ಪರೀಕ್ಷೆ ಯಾರೂ ಮಾಡಲಿಲ್ಲ. ಎರಡು ಸೀಸನ್ ಆದಮೇಲೆ ಮಂಡಿ ಪೂರ್ತಿ ಕೈಕೊಟ್ಟಿತು. ಊರಿಗೆ ಹೋದ, ಈಗ ನಾಲ್ಕು ಹಸು ಸಾಕಿಕೊಂಡಿದ್ದಾನೆ. ಕಳೆದ ವರ್ಷ ಹೋಗಿದ್ದೆ. ಡೈರಿಗೆ ಹಾಲು ಹಾಕಿ ವಾಪಸ್ ಬರುವಾಗ, ಕ್ಯಾನು ಕೈ ಬದಲಿಸುತ್ತಾ, ಇದ್ದಕ್ಕಿದ್ದಂತೆ ಕೇಳಿದ.

"ಆ ಸೀಸೇಲಿ ಏನಿತ್ತು ಅಂತ ನಿಂಗೇನಾದ್ರೂ ಗೊತ್ತಿತ್ತೇನೋ?"

ಇಲ್ಲ ಅಂದೆ. ಗೊತ್ತಿರಲಿಲ್ಲ ಅನ್ನುವುದು ನಿಜ. ಅವನ ಸರ್‌ನ ಕೇಳಬಹುದಿತ್ತು, ನಾನು ಕೇಳಲಿಲ್ಲ.