ಗಿಟಾರ್ ಕಲಿಯೋರೆಲ್ಲ ಒಯಾಸಿಸ್ ಅನ್ನೋ ಇಂಗ್ಲಿಷ್ ಬ್ಯಾಂಡ್‌ನ ‘ವಂಡರ್‌ವಾಲ್’ ಹಾಡನ್ನೇ ಯಾಕೆ ಮೊದಲು ಹಿಡಿಯುತ್ತಾರೆ?

ಎಡಗೈಗೆ ಕೆಲಸ ಕಮ್ಮಿ, ಅದಕ್ಕೇ! ಎರಡನೇ ಫ್ರೆಟ್‌ಗೆ (ಗಿಟಾರ್ ಕುತ್ತಿಗೆಯ ಅಡ್ಡಪಟ್ಟಿಗಳ ಮನೆ) ಕ್ಯಾಪೋ, ಅಂದ್ರೆ ಎಲ್ಲ ತಂತಿಗಳನ್ನೂ ಒಟ್ಟಿಗೆ ಒತ್ತಿ ಹಿಡಿಯೋ ಕ್ಲಿಪ್ಪು ಹಾಕಿ, ಉಂಗುರ ಬೆರಳು, ಕಿರುಬೆರಳು ಎರಡನ್ನೂ ತೀರಾ ಸಣ್ಣ ತಂತಿಗಳೆರಡರ ಮೇಲೆ, ಕ್ಯಾಪೋದಿಂದ ಮೂರನೇ ಫ್ರೆಟ್‌ನಲ್ಲಿ ಒತ್ತಿ ಹಿಡಿದರೆ ಮೊದಲ ಚರಣ ಮುಗಿಯೋವರೆಗೂ ಅವನ್ನು ಎತ್ತಬೇಕಾಗಿಲ್ಲ. ಉಳಿದೆರಡು ಬೆರಳು ಮಾತ್ರ ಜಾಗ ಬದಲಿಸುತ್ತವೆ. ಕಾರ್ಡ್‌ಗಳು, ಅಂದ್ರೆ ಒಟ್ಟಿಗೆ ನುಡಿಸೋ ಸ್ವರಗುಚ್ಛಗಳು: ಇ ಮೈನರ್ ಸೆವೆನ್, ಜಿ, ಡಿ ಸಸ್ ಫೋರ್, ಎ ಸೆವೆನ್ ಸಸ್ ಫೋರ್, ಅಷ್ಟೇ. ಕಾರ್ಡ್ ಬದಲಾದರೂ ಆ ಎರಡು ಸ್ವರ ತಂಬೂರಿ ಶ್ರುತಿಯ ಹಾಗೆ ಹಿಂದೆ ನುಡಿಯುತ್ತಲೇ ಇರುತ್ತವೆ, ಹಾಗಾಗಿ ಹೊಸಬರು ನುಡಿಸಿದರೂ ಕೇಳೋಕೆ ತುಂಬಿದಂತಿರುತ್ತದೆ. ಒಂದೇ ಬೆರಳನ್ನು ಅಡ್ಡ ಮಲಗಿಸಿ ಹಲವು ತಂತಿ ಒತ್ತೋ ಬಾರ್ ಕಾರ್ಡ್ ಕಾಟವೂ ಇಲ್ಲ.

ಆದರೆ ಬಲಗೈ ಸುಲಭ ಅಂದ್ಕೋಬೇಡಿ. ಆ ಸ್ಟ್ರಮ್ಮಿಂಗ್ (ತಂತಿಗಳನ್ನು ಒಟ್ಟಿಗೆ ಮೀಟೋದು) ತಾಳದ ನಡುವೆ ಜಾಗ ಬಿಟ್ಟು ಬಿಟ್ಟು ಬೀಳುತ್ತದೆ, ಜಾಸ್ತಿ ಜನ ಅದನ್ನು ಸುಮ್ನೆ ಮೇಲೆ ಕೆಳಗೆ ಬಾರಿಸಿ ಹಾಡನ್ನೇ ಚಪ್ಪಟೆ ಮಾಡುತ್ತಾರೆ ಅನ್ನೋದು ನನ್ನ ದೂರು.

ಇನ್ನು ಹಾಡಿನ ಬಗ್ಗೆ. ಮ್ಯಾಂಚೆಸ್ಟರ್‌ನ ಈ ಬ್ಯಾಂಡ್ 1995ರ ಅಕ್ಟೋಬರ್‌ನಲ್ಲಿ ಇದನ್ನು ಸಿಂಗಲ್ ಆಗಿ, ಅಂದ್ರೆ ಬಿಡಿ ಹಾಡಾಗಿ ಬಿಟ್ಟಿತು. ಬರೆದದ್ದು ಅಣ್ಣ ನೋಯಲ್ ಗ್ಯಾಲಹರ್, ಹಾಡಿದ್ದು ತಮ್ಮ ಲಿಯಮ್. ಇಷ್ಟು ಹೆಸರಾದರೂ ಬ್ರಿಟನ್ ಚಾರ್ಟ್‌ನಲ್ಲಿ ಇದು ಏರಿದ್ದು ಎರಡನೇ ಸ್ಥಾನದವರೆಗೆ ಮಾತ್ರ. ಮೇಲೆ ಕೂತಿದ್ದವರು ರಾಬ್ಸನ್ ಮತ್ತು ಜೆರೋಮ್ ಅನ್ನೋ ಇಬ್ಬರು ಟಿವಿ ನಟರು! ಆಮೇಲೆ ಅದೇ ವರ್ಷದ ಕೊನೆಗೆ ಮೈಕ್ ಫ್ಲವರ್ಸ್ ಪಾಪ್ಸ್ ಅನ್ನೋರು ಇದನ್ನೇ ಹಳೇ ಕಾಲದ ಆರ್ಕೆಸ್ಟ್ರಾ ಶೈಲಿಯಲ್ಲಿ ತಮಾಷೆಗೆ ಹಾಡಿದರು. ಅದೂ ಎರಡನೇ ಸ್ಥಾನಕ್ಕೇ ಬಂತು.